ಬಿಸಿಲಿಗೆ ಹಿಡಿದ ಕೆಂಪು

ನಮ್ಮ ಅಂಗಡಿಯಲ್ಲಿ ಬಣ್ಣದ ವಿಷಯಕ್ಕೆ ಕೊನೆಯ ಮಾತು ಬಿಸಿಲಿನದು.

ಗಿರಾಕಿ ಸೀರೆ ಬಿಚ್ಚುತ್ತಾರೆ. ಅದಕ್ಕೆ ಹೊಂದುವ ಬ್ಲೌಸ್ ಬಟ್ಟೆಯ ಸುರುಳಿಗಳನ್ನು, ನಮ್ಮ ಮಾತಿನಲ್ಲಿ ತಾನುಗಳನ್ನು, ನಾವು ಕಪಾಟಿನಿಂದ ಇಳಿಸುತ್ತೇವೆ. ಟ್ಯೂಬ್‌ಲೈಟಿನ ಕೆಳಗೆ ನಾಲ್ಕು ಕೆಂಪು ಒಂದೇ ಥರ ಕಾಣುತ್ತವೆ. ಆಗ ಸೀರೆಯ ಸೆರಗನ್ನೂ ತಾನನ್ನೂ ಎತ್ತಿಕೊಂಡು ಮೆಟ್ಟಿಲಿಳಿದು ಬೀದಿಗೆ ಹೋಗಬೇಕು. ಬಿಸಿಲಲ್ಲಿ ಒಂದರ ಮೇಲೊಂದು ಇಟ್ಟರೆ ಹೊಂದದ ಬಣ್ಣ ತಾನಾಗಿಯೇ ದೂರ ಸರಿದು ನಿಲ್ಲುತ್ತದೆ. ‘ಲೈಟಿಗೆ ಮೋಸ ಗೊತ್ತು, ಬಿಸಿಲಿಗೆ ಗೊತ್ತಿಲ್ಲ’ ಎನ್ನುವುದು ನನ್ನ ಮಾವ ಮುನಿಆಂಜನಪ್ಪನವರು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಟ್ಟ ಮೊದಲ ಪಾಠ.

ಅಂಗಡಿ ಇರುವುದು ಕಮರ್ಷಿಯಲ್ ಸ್ಟ್ರೀಟಿನಿಂದ ಒಳಗೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ. ಮಾವನ ಮನೆಯವರು ಮೊದಲು ಹಲಸೂರಿನ ಆಚೆ ರಾಗಿ, ಸೊಪ್ಪು ಬೆಳೆಯುತ್ತಿದ್ದವರು. ಹೊಲ ಇದ್ದ ಜಾಗ ಈಗ ಇಂದಿರಾನಗರ. ಮಗ ಹುಟ್ಟಿದ ವರ್ಷ ಮಾವ ಈ ಅಂಗಡಿ ಹಾಕಿ ಅವನ ಹೆಸರನ್ನೇ ಇಟ್ಟರು: ಮುನೀಂದ್ರ ಮ್ಯಾಚಿಂಗ್ ಸೆಂಟರ್. ಆ ಮುನೀಂದ್ರ ನನ್ನ ಗಂಡ. ಕೆ.ಆರ್. ಪುರದಿಂದ ಬರುವಾಗ ಟಿನ್ ಫ್ಯಾಕ್ಟರಿಯ ಹತ್ತಿರ ಅವನ ಸ್ಕೂಟರಿಗೆ ಲಾರಿ ತಾಗಿತು. ಅದು ಎರಡು ಸಾವಿರದ ಆರರಲ್ಲಿ. ಬೋರ್ಡನ್ನು ಯಾರೂ ಬದಲಾಯಿಸಲಿಲ್ಲ.

ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಮುನೀಂದ್ರ ಹೋದ ಮೇಲೆ ಕ್ಲಾಸಿನಲ್ಲಿ ಮಾತು ಅರ್ಧಕ್ಕೆ ನಿಂತುಬಿಡುತ್ತಿತ್ತು, ಕೆಲಸ ಬಿಟ್ಟೆ. ಒಂದು ಬೆಳಿಗ್ಗೆ ಜೋಗುಪಾಳ್ಯದ ಮನೆಯಿಂದ ಮಾವನ ಹಿಂದೆಯೇ ಹೊರಟು ಬಂದು ಅಂಗಡಿಯಲ್ಲಿ ಅವನು ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತೆ. ಏಳು ಎಂದು ಮಾವ ಹೇಳಲಿಲ್ಲ. ಕೆಂಪು ಬಟ್ಟೆಯ ತುಂಡುಗಳ ಒಂದು ಕಟ್ಟನ್ನು ಬಿಚ್ಚಿ, ಕಲಸಿ, ನನ್ನ ಮುಂದೆ ಇಟ್ಟರು. ತಿಳಿಯಿಂದ ಗಾಢಕ್ಕೆ ಜೋಡಿಸಬೇಕು. ಟೊಮೆಟೊ, ಕುಂಕುಮ, ದಾಳಿಂಬೆ, ತಮಿಳರು ಅರಕ್ಕು ಎನ್ನುವ ಅರಗಿನ ಬಣ್ಣ, ಕೊನೆಗೆ ಕಪ್ಪಿಗೆ ಹತ್ತಿರದ ಮೆರೂನ್. ನಡುವೆ ಹೆಸರಿಲ್ಲದವು ಎಷ್ಟೋ. ನಾನು ಜೋಡಿಸಿದೆ. ಮಾವ ಒಂದೇ ಒಂದು ತುಂಡನ್ನು ಪಕ್ಕಕ್ಕೆ ಸರಿಸಿ, ‘ಹೂಂ, ಕೂತ್ಕೊ’ ಎಂದರು.

ಆ ಸ್ಟೂಲು ಬಿಟ್ಟರೆ ನನಗೆ ಬೆಳಗಾದರೆ ಹೋಗಿ ಕೂರಲು ಬೇರೆ ಜಾಗ ಇರಲಿಲ್ಲ.

ಎರಡು ಸಾವಿರದ ಎಂಟರ ಏಪ್ರಿಲ್‌ನಲ್ಲಿ, ಮದುವೆಯ ಕಾಲದಲ್ಲಿ, ನಾನು ಕೊಟ್ಟ ಬಟ್ಟೆಗಳು ವಾಪಸು ಬರತೊಡಗಿದವು.

ಮೊದಲು ಬಂದವರು ಜಹನಾರಾ ಆಪಾ. ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ಟಿನ ಹಿಂದೆ ಅವರ ಹೊಲಿಗೆ ಮನೆ. ನಮ್ಮಲ್ಲಿ ಬಟ್ಟೆ ಕೊಂಡ ಹೆಂಗಸರಲ್ಲಿ ಅರ್ಧ ಜನ ಹೊಲಿಸುವುದು ಅವರ ಹತ್ತಿರವೇ. ಬಂದವರೇ ಒಂದು ಸೀರೆಯನ್ನೂ ಅದಕ್ಕೆಂದು ಹೊಲಿದ ಬ್ಲೌಸನ್ನೂ ಕೌಂಟರಿನ ಮೇಲೆ ಬಿಸಾಕಿದರು.

“ಏ ಸುಕನ್ಯಾ, ಇದೇನು? ಮದುಮಗಳ ಬ್ಲೌಸಾ, ಮನೆ ಮೇಲಿನ ಹೆಂಚಾ?”

“ನೋಡೇ ಕೊಟ್ಟಿದ್ದು ಆಪಾ. ಬಿಸಿಲಿಗೆ ಹಿಡಿದು ನೋಡ್ದೆ.”

“ನೋಡಿದ್ಯಂತೆ! ಹುಡುಗಿ ತಾಯಿ ನನ್ ಮೇಲೆ ಬಿದ್ಲು ಕಣೇ. ‘ಕತ್ತರಿ ಹಾಕೋವಾಗ ನಿನಗಾದ್ರೂ ಕಣ್ ಇರ್ಲಿಲ್ವಾ’ ಅಂತ. ನಾನೇನ್ ಮಾಡ್ಲಿ? ಮುನೀಂದ್ರ ಸೆಂಟರಿಂದ ಬಂದಿದೆ ಅಂದ್ರೆ ನಾನು ಬಣ್ಣ ನೋಡೋದೇ ಇಲ್ಲ. ಅಳತೆ ನೋಡ್ತೀನಿ, ಕತ್ತರಿ ಹಾಕ್ತೀನಿ.”

ಮಾವ ಸೀರೆಯನ್ನೂ ಬ್ಲೌಸನ್ನೂ ತೆಗೆದುಕೊಂಡು ಬೀದಿಗಿಳಿದರು. ಬಿಸಿಲಲ್ಲಿ ಬೆನ್ನು ಬಗ್ಗಿಸಿ ನೋಡಿದರು. ಒಳಗೆ ಬಂದು ಮಡಿಸಿಡುತ್ತಾ, “ಇವೆರಡಕ್ಕೂ ನಂಟೇ ಇಲ್ವಲ್ಲಮ್ಮ” ಎಂದರು.

ನಾನು ನೋಡಿದೆ. ಈಗ ನನಗೂ ಕಂಡಿತು. ಸೀರೆ ಅರಕ್ಕು, ಬ್ಲೌಸು ಇಟ್ಟಿಗೆ. ಅಂಗಡಿಯ ತಣ್ಣನೆಯ ಟ್ಯೂಬ್‌ಲೈಟಿನಲ್ಲಿ ಅಷ್ಟು ಸ್ಪಷ್ಟವಾಗಿ ಬೇರೆಯಾಗಿದ್ದವು. ಆದರೆ ಆ ದಿನ ಮಧ್ಯಾಹ್ನ ಬೀದಿಯಲ್ಲಿ ನಿಂತು ನೋಡಿದಾಗ ಅವೆರಡೂ ಒಂದೇ ಆಗಿದ್ದವು. ಅದು ನನಗೆ ಚೆನ್ನಾಗಿ ನೆನಪಿತ್ತು.

ಅದಾದ ಮೇಲೆ ಒಂದು ಬಾಳೆಹೂವಿನ ಬಣ್ಣ ವಾಪಸು ಬಂತು. ಆಮೇಲೆ ಒಂದು ರಾಣಿ ಬಣ್ಣ, ಗಾಢ ಗುಲಾಬಿ. ಹಸಿರು, ನೀಲಿ ಬರಲಿಲ್ಲ. ತಪ್ಪಿದ್ದೆಲ್ಲ ಕೆಂಪಿನ ಮನೆಯವೇ. ನಾನು ಇನ್ನಷ್ಟು ಎಚ್ಚರ ವಹಿಸಿದೆ. ಅನುಮಾನ ಬಂದ ಪ್ರತಿಯೊಂದನ್ನೂ ಬಿಸಿಲಿಗೆ ಒಯ್ದೆ, ಇನ್ನಷ್ಟು ಹೊತ್ತು ನಿಂತು ನೋಡಿದೆ. ಎಚ್ಚರ ಹೆಚ್ಚಿದಷ್ಟೂ ತಪ್ಪು ಹೆಚ್ಚಿತು.

ಮನೆಯಲ್ಲಿ ಅತ್ತೆ ಪಟಾಲಮ್ಮನವರು ನನ್ನ ತಟ್ಟೆಗೆ ಮುದ್ದೆ ಹಾಕುತ್ತಾ ಮಾವನಿಗೆ ಹೇಳಿದರು: “ಅತ್ತೂ ಅತ್ತೂ ಕಣ್ ಹಾಳ್ ಮಾಡ್ಕೊಂಡವ್ಳೆ ಮಗು. ಅದನ್ಯಾಕೆ ಬಿಸ್ಲಲ್ಲಿ ಓಡಾಡಿಸ್ತೀರ?”

ನಾನು ಅತ್ತಿರಲಿಲ್ಲ. ಮುನೀಂದ್ರನನ್ನು ಮನೆಗೆ ತಂದ ದಿನವೂ ಅತ್ತಿರಲಿಲ್ಲ. ಅದನ್ನು ಅತ್ತೆಗೆ ಹೇಳುವುದು ಹೇಗೆ?

ಕಣ್ಣಿಗೆ ಏನೋ ಆಗಿದ್ದು ನಿಜ. ಹಿಂದಿನ ದೀಪಾವಳಿಯ ಹೊತ್ತಿನಲ್ಲಿ ಎಡಗಣ್ಣನ್ನು ಹೊರಳಿಸಿದರೆ ಹಿಂದುಗಡೆ ನೋಯುತ್ತಿತ್ತು. ಕೆಲವು ದಿನ ಆ ಕಣ್ಣಿನ ಮುಂದೆ ಹೊಗೆ ಕವಿದಂತೆ ಇತ್ತು. ಆಮೇಲೆ ತಾನಾಗಿಯೇ ತಿಳಿಯಾಯಿತು. ಯಾರಿಗೂ ಹೇಳಲಿಲ್ಲ. ಆಗ ನನಗೆ ಆಗುತ್ತಿದ್ದ ಯಾವುದೂ ಹೇಳುವಂಥದ್ದು ಅನ್ನಿಸುತ್ತಿರಲಿಲ್ಲ. ಬಟ್ಟೆ ವಾಪಸು ಬರತೊಡಗಿದ ಮೇಲೆ ಕನ್ನಡಕದ ಅಂಗಡಿಗೆ ಹೋಗಿ ಅಕ್ಷರ ಓದಿ ಬಂದೆ. ಎರಡೂ ಕಣ್ಣಲ್ಲಿ ಕೊನೆಯ ಸಾಲಿನವರೆಗೆ ಓದಿದೆ. ‘ಫಸ್ಟ್ ಕ್ಲಾಸ್ ಕಣ್ಣು ಮೇಡಂ’ ಎಂದು ಕಳಿಸಿದರು.

ಕಣ್ಣು ಫಸ್ಟ್ ಕ್ಲಾಸ್ ಎಂದಾದ ಮೇಲೆ ಉಳಿದದ್ದು ಮನಸ್ಸು. ಮಾವ ಹಾಗೆಯೇ ತಿಳಿದರು.

“ನೀನು ಸ್ವಲ್ಪ ದಿನ ಮನೇಲಿರಮ್ಮ” ಎಂದರು. “ಸ್ಟೂಲೆಲ್ಲೂ ಹೋಗಲ್ಲ.”

ಅವರು ಅದನ್ನು ಪ್ರೀತಿಯಿಂದಲೇ ಹೇಳಿದರು. ಆದರೆ ಮಾರನೆಯ ದಿನ ಅವರು ಒಬ್ಬರೇ ಹೊರಟು ಹೋದ ಮೇಲೆ ನಾನು ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡೇ ತುಂಬ ಹೊತ್ತು ನಿಂತಿದ್ದೆ.

ತಪ್ಪಾದ ಬ್ಲೌಸಿಗೆ ಬದಲು ಬಟ್ಟೆಯನ್ನು ಮಾವ ಆರಿಸಿಟ್ಟಿದ್ದರು. ಅದನ್ನು ಕೊಡಲು ನಾನು ಜಹನಾರಾ ಆಪಾ ಮನೆಗೆ ಹೋದೆ. ಒಂದೇ ಕೋಣೆ, ಬಾಗಿಲ ಪಕ್ಕ ಮೆಷಿನ್ನು, ಗೋಡೆಯ ತುಂಬ ಮೊಳೆಗಳಿಗೆ ನೇತುಹಾಕಿದ ಬ್ಲೌಸುಗಳು.

“ಬಾ, ಕೂತ್ಕೊ. ಸಿಟ್ಟಾ ನನ್ ಮೇಲೆ?”

“ಇಲ್ಲ ಆಪಾ.”

“ಸಿಟ್ ಮಾಡ್ಕೋಬೇಕಮ್ಮ. ಆಗ್ಲಾದ್ರೂ ಮುಖದಲ್ಲಿ ಏನಾದ್ರೂ ಕಾಣುತ್ತೆ. ತಗೊ, ಈ ದಾರ ಪೋಣಿಸು. ನನ್ ಕಣ್ಗೆ ಸೂಜಿ ಕಾಣುತ್ತೆ, ತೂತು ಕಾಣಲ್ಲ.”

ಕೆಂಪು ದಾರ. ನಾನು ಎಡಗಣ್ಣು ಮುಚ್ಚಿ ಸೂಜಿಯನ್ನು ಬೆಳಕಿಗೆ ಎತ್ತಿ ಒಂದೇ ಸಲಕ್ಕೆ ಪೋಣಿಸಿದೆ. ಆಪಾ ನನ್ನನ್ನೇ ನೋಡುತ್ತಿದ್ದರು.

“ಬಲಗಣ್ಣು ನಿನ್ನ ದಾರದ ಕಣ್ಣು” ಎಂದರು. “ಎಲ್ಲರಿಗೂ ಒಂದಿರುತ್ತೆ. ನಂದು ಎಡಗಡೇದು. ಅಲ್ಲ, ಬಿಸಿಲಲ್ಲಿ ಸೀರೆ ಹಿಡ್ಕೊಂಡು ನಿಂತಾಗ ನೀನು ಮುಚ್ಚೋದು ಯಾವ್ದು?”

“ನಾನು ಯಾವ್ದೂ ಮುಚ್ಚಲ್ಲ.”

“ಮುಚ್ತೀಯ. ನಾನು ಎಷ್ಟ್ ಸಲ ನೋಡಿದೀನಿ. ಅಂಗಡಿ ಮೆಟ್ಲ ಹತ್ರ ಬಿಸಿಲು ಬಲಗಡೆಯಿಂದ ಬೀಳುತ್ತೆ. ನೀನು ಬಲಗಣ್ಣು ಮುಚ್ಚಿ, ಹಿಂಗೆ ತಲೆ ಓರೆ ಮಾಡಿ, ಕೋಳಿ ನೋಡ್ದಂಗೆ ನೋಡ್ತೀಯ.” ಅವರು ಮಾಡಿ ತೋರಿಸಿದರು. “ನಮ್ ಅಕ್ಕಂಗೆ ಒಂದ್ ಕಣ್ಣಲ್ಲಿ ಪೊರೆ ಬಂದಿತ್ತು. ಒಂದು ಕಣ್ಗೆ ಹಾಲು ಬಿಳಿ, ಇನ್ನೊಂದಕ್ಕೆ ಟೀ ಬಣ್ಣ. ಈಗ ಆ ಕಣ್ಣಲ್ಲಿ ಈ ದಾರ ನೋಡು.”

ಬಲಗಣ್ಣು ಮುಚ್ಚಿದೆ.

ದಾರ ಇತ್ತು. ಸೂಜಿಯೂ ಇತ್ತು. ಸೂಜಿಯ ತೂತಿನ ಅಂಚು ಸಹ ಕಾಣುತ್ತಿತ್ತು. ಕೆಂಪು ಇರಲಿಲ್ಲ. ನೆಲದ ಮೇಲೆ ಬಹಳ ದಿನ ಬಿದ್ದಿದ್ದ ತೆಂಗಿನ ನಾರಿನ ಬಣ್ಣದ ಒಂದು ಎಳೆ. ಕಣ್ಣು ಬದಲಾಯಿಸಿದೆ, ಕೆಂಪು ಬಂತು. ಮತ್ತೆ ಬದಲಾಯಿಸಿದೆ, ಹೋಯಿತು. ಗೋಡೆಯ ಮೇಲಿನ ಬ್ಲೌಸುಗಳನ್ನು ನೋಡಿದೆ. ಒಂದು ಕಣ್ಣಿಗೆ ಮದುವೆ ಮನೆ, ಇನ್ನೊಂದು ಕಣ್ಣಿಗೆ ಅದೇ ಮನೆಯ ಹಳೆಯ ಫೋಟೊ.

ಆಪಾ ಮೆಷಿನ್ನಿನ ಮೇಲೆ ಬಟ್ಟೆ ಹೊದಿಸಿ ಬುರ್ಖಾ ತೆಗೆದುಕೊಂಡರು. “ಏಳು. ಪೊರೆ ಇರ್ಬೇಕು. ಈಗ್ಲೇ ಹೋಗೋಣ.”

ದಂಡು ಸ್ಟೇಷನ್ನಿನ ಕಡೆ ಒಂದು ಕಣ್ಣಿನ ಆಸ್ಪತ್ರೆಗೆ ಆಟೊದಲ್ಲಿ ಹೋದೆವು. ಅಲ್ಲಿನ ಡಾಕ್ಟರು ಸಿದ್ಧಾರ್ಥ್, ನನ್ನದೇ ವಯಸ್ಸಿನವರು. ಪೊರೆ ಇಲ್ಲ ಎಂದರು. ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಆಡಿಸಿದರು, ಮತ್ತೆ ಆಡಿಸಿದರು. ಆಮೇಲೆ ಮೇಜಿನ ಮೇಲಿದ್ದ ಕಣ್ಣಿನ ಔಷಧಿಯ ಬಾಟಲಿ ಎತ್ತಿಕೊಂಡು ಅದರ ಕೆಂಪು ಮುಚ್ಚಳವನ್ನು ನನ್ನ ಮುಂದೆ ಹಿಡಿದರು.

“ಒಂದೊಂದೇ ಕಣ್ಣಲ್ಲಿ ನೋಡಿ. ಬಲಗಣ್ಣಿನ ಕೆಂಪಿಗೆ ನೂರು ಮಾರ್ಕ್ಸ್ ಕೊಟ್ರೆ ಎಡಗಣ್ಣಿಂದಕ್ಕೆ ಎಷ್ಟು ಕೊಡ್ತೀರ?”

“ಮಾರ್ಕ್ಸಲ್ಲಿ ಹೇಳೋಕೆ ಬರಲ್ಲ ಡಾಕ್ಟ್ರೇ. ಬಲಗಣ್ಣಿಗೆ ಟೊಮೆಟೊ. ಎಡಗಣ್ಣಿಗೆ ಈರುಳ್ಳಿ ಸಿಪ್ಪೆ. ಅದೂ ನಾಲ್ಕು ಸಲ ಒಗೆದಿದ್ದು.”

“ಮ್ಯಾಚಿಂಗ್ ಸೆಂಟರ್‌ನವರು” ಎಂದು ಆಪಾ ಹಿಂದಿನಿಂದ ಹೇಳಿದರು.

ಡಾಕ್ಟರು ನಕ್ಕರು. ನಗು ಬೇಗ ನಿಂತಿತು. ದೀಪಾವಳಿಯ ನೋವಿನ ವಿಷಯ ಕೇಳಿದರು. ಅದಕ್ಕೂ ಮೊದಲು ಏನಾದರೂ ಆಗಿತ್ತೇ, ಕೈಕಾಲು ಜೋಮು ಹಿಡಿಯುವುದು, ಬಿಗಿತ? ಒಂದು ಮಳೆಗಾಲದಲ್ಲಿ ಬಲಗಾಲು ಮೊಣಕಾಲಿನ ಕೆಳಗೆ ವಾರಗಟ್ಟಲೆ ಜೋಮು ಹಿಡಿದಂತೆ ಇತ್ತು, ಸ್ಟೂಲಿನ ಮೇಲೆ ಕೂತು ಕೂತು ಎಂದುಕೊಂಡಿದ್ದೆ ಎಂದೆ. ಅವರು ಬರೆದುಕೊಂಡರು. “ಕಣ್ಣಿನ ಒಳಗಿಂದು ಒಂದು ಫೋಟೊ ತೆಗೀಬೇಕು” ಎಂದರು.

ಕತ್ತಲೆಯ, ತಣ್ಣನೆಯ ಒಂದು ಕೋಣೆ. ಯಂತ್ರ ನಡೆಸುವವಳ ಹೆಸರು ಹೇಮಶ್ರೀ. ಗಲ್ಲವನ್ನು ಒಂದು ಬಟ್ಟಲಿನಂಥದ್ದರ ಮೇಲೆ ಇಡಿಸಿದಳು, ಹಣೆಯನ್ನು ಪಟ್ಟಿಗೆ ಒತ್ತಿಸಿದಳು.

“ಒಳಗೆ ಹಸಿರು ಚುಕ್ಕೆ ಕಾಣ್ತಿದ್ಯಾ? ಅದನ್ನೇ ನೋಡ್ತಿರಿ. ಕೆಂಪು ಗೆರೆ ಓಡಾಡುತ್ತೆ, ಅದರ ಹಿಂದೆ ಹೋಗ್ಬೇಡಿ. ರೆಪ್ಪೆ ಹೊಡೀಬೇಡಿ… ಇನ್ನೊಂಚೂರು… ಈಗ ಹೊಡ್ಕೊಳ್ಳಿ.”

“ಚುಚ್ಚುತ್ತಾ?” ಎಂದು ಆಪಾ ಕೇಳಿದರು.

“ಏನೂ ತಾಗೋದೇ ಇಲ್ಲಮ್ಮ. ಬರೀ ಬೆಳಕು. ಬೆಳಕು ಒಳಗೆ ಹೋಗಿ ಒಂದೊಂದು ಪದರಕ್ಕೂ ತಾಗಿ ವಾಪಸ್ ಬರುತ್ತೆ. ಯಾವ ಆಳದಿಂದ ಬಂತು ಅಂತ ಮೆಷಿನ್ ಲೆಕ್ಕ ಹಾಕಿ ಚಿತ್ರ ಬರೆಯುತ್ತೆ.”

ಮುಗಿದ ಮೇಲೆ ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನಾನು ಏನನ್ನೂ ನಿರೀಕ್ಷಿಸಿರಲಿಲ್ಲ. ನಿರೀಕ್ಷಿಸುವುದನ್ನು ಬಿಟ್ಟು ಎರಡು ವರ್ಷವಾಗಿತ್ತು.

ಪರದೆಯ ಮೇಲೆ ಒಂದು ಛೇದ ಇತ್ತು.

ಕಾಲೇಜಿನಲ್ಲಿ ನಾವು ಕಾಂಡಗಳನ್ನು ಬ್ಲೇಡಿನಿಂದ ಕೊಯ್ಯುತ್ತಿದ್ದೆವು. ನೀರಿನಲ್ಲಿ ತೇಲಿಬಿಟ್ಟ ಹೋಳುಗಳಲ್ಲಿ ಅತ್ಯಂತ ತೆಳುವಾದದ್ದನ್ನು ಕುಂಚದಿಂದ ಎತ್ತಿ, ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಪದರಗಳು ಎದ್ದು ಬರುತ್ತಿದ್ದವು. ಹೊರಚರ್ಮ, ಅದರೊಳಗೆ ತೊಗಟೆ, ಅದರೊಳಗೆ ನೀರು ಹರಿಯುವ ಕೊಳವೆಗಳು ಕೆಂಪಗೆ. ಒಂದು ಒಳ್ಳೆಯ ಛೇದಕ್ಕೆ ಇಡೀ ಮಧ್ಯಾಹ್ನ ಹೋಗುತ್ತಿತ್ತು. ಛೇದ ಸಿಕ್ಕಿತೆಂದರೆ ಗಿಡ ಹೋಯಿತೆಂದೇ ಅರ್ಥ.

ಇಲ್ಲಿ ಯಾರೂ ಏನನ್ನೂ ಕೊಯ್ದಿರಲಿಲ್ಲ. ಆದರೂ ನನ್ನ ಕಣ್ಣಿನ ಹಿಂಬದಿಯ ಗೋಡೆ ಪದರ ಪದರವಾಗಿ ಕೊಯ್ದಿಟ್ಟ ಹಾಗೆ ಎದುರಿಗಿತ್ತು. ನಾನು ಅದನ್ನು ಆ ಕಣ್ಣಿನಿಂದಲೇ ನೋಡುತ್ತಿದ್ದೆ. ಕೊಯ್ದ ಗಿಡ ತನ್ನ ಛೇದವನ್ನು ತಾನೇ ನೋಡುತ್ತಾ ಬದುಕಿತ್ತು. ನನ್ನ ಮೈ ಜುಮ್ಮೆಂದಿತು. ಮೈ ಹಾಗೆ ತಾನಾಗಿ ಏನಾದರೂ ಮಾಡಿ ಬಹಳ ದಿನಗಳಾಗಿದ್ದವು.

ಡಾಕ್ಟರು ಒಳಗೆ ಬಂದು ಸ್ಟೂಲು ಎಳೆದುಕೊಂಡು ಕೂತರು. ಎಲ್ಲಕ್ಕಿಂತ ಮೇಲಿನ ಪದರಕ್ಕೆ ಯಂತ್ರವೇ ಕೆಂಪು ಬಣ್ಣ ತುಂಬಿತ್ತು. ಪೆನ್ನಿನ ಹಿಂಬದಿಯಿಂದ ಅದನ್ನು ತೋರಿಸಿದರು.

“ಇದು ನರದ ಎಳೆಗಳ ಪದರ. ಹತ್ತು ಲಕ್ಷಕ್ಕೂ ಹೆಚ್ಚು ಎಳೆ. ಆದ್ರೂ ಪದರ ಒಂದು ತಲೆಗೂದಲಷ್ಟು ದಪ್ಪ ಅಷ್ಟೇ. ನೀವು ನೋಡಿದ್ದೆಲ್ಲಾ ಇದರ ಮೂಲಕಾನೇ ಒಳಗೆ ಹೋಗಿರೋದು.”

“ನೋಡಿದ್ದೆಲ್ಲಾನಾ?” ಎಂದು ಆಪಾ ಕೇಳಿದರು. “ಹುಟ್ಟಿದಾಗಿಂದ?”

“ಹುಟ್ಟಿದಾಗಿಂದ.”

“ಒಂದು ಕೂದಲು!” ಆಪಾ ತಮ್ಮ ತಲೆಯನ್ನು ಮುಟ್ಟಿಕೊಂಡರು. “ಯಾ ಅಲ್ಲಾ. ನಾನು ದಿನಾ ಬಾಚಣಿಗೆಯಿಂದ ತೆಗೆದು ಬಿಸಾಕ್ತೀನಿ.”

ಮುನೀಂದ್ರನನ್ನು ನಾನು ಮೊದಲು ನೋಡಿದ್ದು, ಕೊನೆಗೆ ನೋಡಿದ್ದು, ಎರಡೂ ಆ ಕೂದಲಿನೊಳಗಿಂದ ಹಾದು ಹೋಗಿದ್ದವು.

ಡಾಕ್ಟರು ಎಡಗಣ್ಣಿನ ಚಿತ್ರವನ್ನು ಪಕ್ಕಕ್ಕೆ ತಂದರು. ವಿವರಿಸುವ ಅಗತ್ಯ ಇರಲಿಲ್ಲ. ಬಲಗಣ್ಣಿನಲ್ಲಿ ಸೀರೆಯ ಅಂಚಿನಂತೆ ಇದ್ದ ಕೆಂಪು ಎಡಗಣ್ಣಿನಲ್ಲಿ ದಾರದಂತೆ ಆಗಿತ್ತು. ಕೆಲವು ಕಡೆ ದಾರವೂ ಸವೆದಿತ್ತು.

“ಪ್ರತಿ ಎಳೆಯೂ ಇಲ್ಲಿಂದ ಹೊರಟು ಮಿದುಳಿನ ಒಳಗಿನವರೆಗೂ ಹೋಗುತ್ತೆ, ಮಧ್ಯ ಎಲ್ಲೂ ಗಂಟಿಲ್ಲ” ಎಂದರು. “ಕರೆಂಟ್ ವೈರಿಗೆ ಇರೋ ಹಾಗೆ ನರಕ್ಕೂ ಒಂದು ಹೊದಿಕೆ ಇರುತ್ತೆ. ಆದರೆ ಕಣ್ಣಿನ ಒಳಗೆ ಮಾತ್ರ ಇರಲ್ಲ. ಇದ್ರೆ ಬೆಳಕಿಗೆ ಅಡ್ಡ ಬರುತ್ತಲ್ಲ? ಕಣ್ಣು ದಾಟಿದ ಮೇಲೆ ಹೊದಿಕೆ ಶುರುವಾಗುತ್ತೆ. ನಿಮ್ಮ ಮೈಯನ್ನ ಕಾಯೋ ಪಡೆ ಆ ಹೊದಿಕೇನ ಶತ್ರು ಅಂತ ತಿಳ್ಕೊಂಡು ಕಿತ್ತು ಹಾಕಿದೆ ಅನ್ಸುತ್ತೆ. ಹೊದಿಕೆ ಹೋದ ಎಳೆ ನಿಧಾನಕ್ಕೆ ಸಾಯುತ್ತೆ. ಪೆಟ್ಟು ಬಿದ್ದಿದ್ದು ಹಿಂದೆ, ಎಲ್ಲೋ ಕತ್ತಲಲ್ಲಿ. ನಮಗೆ ಗೊತ್ತಾಗೋದು ಇಲ್ಲಿ. ಇಡೀ ಮೈಯಲ್ಲಿ ನರಾನ ಕೊಯ್ಯದೇ ನೋಡೋಕೆ ಇರೋ ಕಿಟಕಿ ಇದೊಂದೇ.”

“ಮತ್ತೆ ಅಕ್ಷರ ಎಲ್ಲಾ ಓದಿದೆನಲ್ಲ?”

“ಕಪ್ಪು ಅಕ್ಷರ ಓದೋಕೆ ಉಳಿದ ಎಳೆ ಸಾಕು. ಬಣ್ಣಕ್ಕೆ ಸಾಲಲ್ಲ.”

ತಲೆಯ ಸ್ಕ್ಯಾನ್ ಮಾಡಿಸಿದರು. ಅದರಲ್ಲಿ ಬಿಳಿ ಚುಕ್ಕೆಗಳು ಕಂಡವು. ನರರೋಗದ ತಜ್ಞರು ನೋಡಿ ಹೆಸರು ಹೇಳಿದರು: ಮಲ್ಟಿಪಲ್ ಸ್ಕ್ಲೀರೋಸಿಸ್. ಆಪಾ ಆ ಹೆಸರನ್ನು ಎರಡು ಸಲ ಹೇಳಿ ನೋಡಿ ಬಿಟ್ಟುಬಿಟ್ಟರು.

ಮತ್ತೆ ಡಾಕ್ಟರ್ ಸಿದ್ಧಾರ್ಥರ ಹತ್ತಿರ ಹೋದಾಗ ನಾನು ಕೇಳಬೇಕಾಗಿದ್ದನ್ನು ಕೇಳಿದೆ. “ಹೋಗಿದ್ದು ಬರುತ್ತಾ?”

“ಸತ್ತ ಎಳೆ ಬರಲ್ಲ. ಇರೋದನ್ನ ಕಾಯೋಕೆ ವಾರಕ್ಕೊಂದು ಇಂಜೆಕ್ಷನ್ ಇದೆ, ನೀವೇ ತಗೋಬಹುದು. ವರ್ಷಕ್ಕೊಂದ್ಸಲ ಈ ಫೋಟೊ ತೆಗೆದು ಹೋಲಿಸೋಣ.”

“ಬಲಗಣ್ಣು?”

“ಇವತ್ತು ಚೆನ್ನಾಗಿದೆ. ನಾಳೇದು ನನಗೆ ಗೊತ್ತಿಲ್ಲ.” ಅವರು ಅದನ್ನು ಮೆತ್ತಗೆ ಮಾಡಲಿಲ್ಲ. ನನಗೆ ಅದು ಇಷ್ಟವಾಯಿತು. ಏಳುವಾಗ ಅವರು ಕೇಳಿದರು: “ಬಣ್ಣ ಯಾವಾಗ ಜಾಸ್ತಿ ಮಂಕಾಗುತ್ತೆ?”

“ಮಧ್ಯಾಹ್ನ. ಬಿಸಿಲಲ್ಲಿ ನಿಂತಾಗ.”

ಅವರು ತಲೆಯಾಡಿಸಿದರು, ಅದೇ ಉತ್ತರ ಬರುತ್ತದೆ ಎಂದು ಮೊದಲೇ ಗೊತ್ತಿದ್ದವರಂತೆ. “ಹೊದಿಕೆ ಇಲ್ಲದ ಎಳೆಗೆ ಶಾಖ ತಡೆಯೋಕಾಗಲ್ಲ. ಮೈ ಚೂರು ಬಿಸಿಯಾದ್ರೂ ಸುದ್ದಿ ದಾರೀಲೇ ನಿಂತುಹೋಗುತ್ತೆ. ತಣ್ಣಗಾದ್ರೆ ಮತ್ತೆ ನಡೆಯುತ್ತೆ. ಬಿಸಿಲಲ್ಲಿ ನಿಲ್ಲೋ ಕೆಲಸ ಏನಾದ್ರೂ ಮಾಡ್ತೀರಾ?”

ಆಪಾ ಹಣೆಗೆ ಕೈ ಹೊಡೆದುಕೊಂಡರು.

ಮನೆಗೆ ಹೋಗುವಾಗ ಹಲಸೂರು ಕೆರೆಯ ಪಕ್ಕ ಆಟೊ ನಿಂತಿತ್ತು. ಕೈಯಲ್ಲಿದ್ದ ಕಣ್ಣಿನ ರಿಪೋರ್ಟಿನ ಹಾಳೆಯನ್ನು ಬಿಚ್ಚಿ ನೋಡಿದೆ. ಕಣ್ಣಿಗೊಂದರಂತೆ ಎರಡು ವೃತ್ತ, ಪ್ರತಿ ವೃತ್ತದಲ್ಲಿ ಕಾಲು ಕಾಲು ಭಾಗ. ಸರಿ ಇದ್ದಲ್ಲಿ ಹಸಿರು, ಎಳೆ ತೀರ ಕಡಿಮೆಯಾದಲ್ಲಿ ಕೆಂಪು. ಎಡಗಡೆಯ ವೃತ್ತದಲ್ಲಿ ಕೆಂಪೇ ಹೆಚ್ಚು. ಬಲಗಣ್ಣು ಮುಚ್ಚಿ ನೋಡಿದೆ. ಎಡಗಣ್ಣಿಗೆ ತನ್ನ ನಷ್ಟದ ಗುರುತೇ ಸರಿಯಾಗಿ ಕಾಣಲಿಲ್ಲ. ಒದ್ದೆ ಮಣ್ಣಿನ ಬಣ್ಣದ ಒಂದು ತೇಪೆ, ಅಷ್ಟೇ. ಕಣ್ಣು ತೆರೆದೆ. ಕೆಂಪು ಬಂತು.

ಇಷ್ಟು ವರ್ಷ ಕೆಂಪು ಬಟ್ಟೆಯಲ್ಲಿದೆ ಎಂದುಕೊಂಡಿದ್ದೆ. ಅಕ್ಕಪಕ್ಕ ನೋಡಿದೆ. ಸಿಗ್ನಲ್ಲಿನ ದೀಪ, ಬಸ್ಸಿನ ಬದಿಯ ಪಟ್ಟಿ, ದೇವಸ್ಥಾನದ ಮುಂದೆ ದಾಸವಾಳ ಮಾರುವ ಹೆಂಗಸಿನ ಬುಟ್ಟಿ. ಅಷ್ಟೂ ಕೆಂಪು ಒಂದು ಕೂದಲಿನಷ್ಟು ದಾರಿಯಲ್ಲಿ, ಆ ಕ್ಷಣದಲ್ಲಿ, ನನ್ನೊಳಗೆ ನಡೆದು ಬರುತ್ತಿತ್ತು. ಯಾರೂ ಕೇಳದೆ, ಯಾರೂ ತಳ್ಳದೆ. ಎರಡು ವರ್ಷ ನಾನು ಏನನ್ನೂ ನೋಡಬೇಕೆಂದುಕೊಳ್ಳದೆ ಇದ್ದಾಗಲೂ ಅದು ನಿಂತಿರಲಿಲ್ಲ.

ಕಣ್ಣಲ್ಲಿ ನೀರು ಬಂತು. ಆಪಾ ನೋಡಿಯೂ ನೋಡದವರಂತೆ ಆಟೊದವನಿಗೆ, “ಹಾರನ್ ಯಾಕಪ್ಪಾ ಒತ್ತೀಯ, ಹಾರಿ ಹೋಗ್ತೀಯಾ?” ಎಂದು ಗದರಿದರು.

ಮಾರನೆಯ ಬೆಳಿಗ್ಗೆ ಮಾವನ ಜೊತೆ ನಾನೂ ಹೊರಟೆ. ಅವರು ಬೇಡ ಎನ್ನಲಿಲ್ಲ. ಆದರೆ ಷಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ನಾನು ಸ್ಟೂಲಿನ ಮೇಲೆ ಕೂರುವುದನ್ನು ನೋಡುತ್ತಾ ನಿಂತರು. ನಾನು ಹಾಳೆಗಳನ್ನು ಕೌಂಟರಿನ ಮೇಲೆ ಹರಡಿದೆ.

“ಇದು ನನ್ನ ಕಣ್ಣಿನ ಒಳಗಡೆ ಮಾವ.”

ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಬೆರಳಿನಿಂದ ಒಂದೊಂದು ಪದರವನ್ನೂ ಸವರುತ್ತಾ ಹೋದರು. ಆಮೇಲೆ ತಲೆಯೆತ್ತಿ ಕಪಾಟುಗಳ ಕಡೆ ನೋಡಿದರು. ನೆಲದಿಂದ ಸೂರಿನವರೆಗೆ ಒಂದರ ಮೇಲೊಂದು ತಾನುಗಳು.

“ತಾನು ಜೋಡಿಸಿ ಇಟ್ಟಂಗಿದೆಯಲ್ಲಮ್ಮ” ಎಂದರು. “ಯಾರು ಜೋಡಿಸಿದ್ದು ಇದನ್ನ?”

ನಾನು ಮೇಲಿನ ಕೆಂಪು ಪದರವನ್ನು ತೋರಿಸಿ, ಯಾವುದು ಸವೆದಿದೆ, ಯಾಕೆ ಸವೆದಿದೆ ಎಂದು ಹೇಳಿದೆ. ಕಾಯಿಲೆಯ ಹೆಸರು ಹೇಳಿದೆ. ಅವರು ಕೇಳಿಸಿಕೊಂಡರು, ಆದರೆ ಮುಖದಲ್ಲಿ ನಂಬಿಕೆ ಮೂಡಲಿಲ್ಲ. ಅವರು ಕಾಗದ ನೋಡಿ ಬಣ್ಣ ನಂಬಿದವರಲ್ಲ.

“ಆ ಕೆಂಪಿನ ಕಟ್ಟು ಕೊಡಿ ಮಾವ” ಎಂದೆ.

ಅವರು ಕಟ್ಟನ್ನು ಬಿಚ್ಚಿದರು. ಮೊದಲ ದಿನ ಮಾಡಿದಂತೆಯೇ ತುಂಡುಗಳನ್ನು ಕಲಸಿದರು. ನಾನು ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಒಂದು ಕೈಯಲ್ಲಿ ಜೋಡಿಸಿದೆ. ಟೊಮೆಟೊದಿಂದ ಮೆರೂನಿನವರೆಗೆ. ಅವರು ಎರಡು ಸಲ ನೋಡಿದರು. ಈ ಸಲ ಒಂದನ್ನೂ ಸರಿಸಲಿಲ್ಲ.

ಅವರೇ ಮತ್ತೆ ಕಲಸಿದರು. ನಾನು ಅಂಗೈಯನ್ನು ಬಲಗಣ್ಣಿಗೆ ಬದಲಾಯಿಸಿದೆ.

ನನ್ನ ಮುಂದೆ ಮಣ್ಣಿನ ತುಂಡುಗಳು ಇದ್ದವು. ಒಣ ಮಣ್ಣು, ಒದ್ದೆ ಮಣ್ಣು, ಇದ್ದಿಲು ಬೆರೆತ ಮಣ್ಣು. ತೋಚಿದಂತೆ ಜೋಡಿಸಿದೆ. ತಪ್ಪಾಗುತ್ತಿದೆ ಎಂದು ಗೊತ್ತಿತ್ತು, ಎಲ್ಲಿ ತಪ್ಪುತ್ತಿದೆ ಎಂದು ಗೊತ್ತಿರಲಿಲ್ಲ. ಮುಗಿಸಿ ಕೈ ತೆಗೆದೆ. ಕುಂಕುಮದ ಪಕ್ಕದಲ್ಲಿ ಮೆರೂನ್ ಕೂತಿತ್ತು. ದಾಳಿಂಬೆ ಎಲ್ಲಕ್ಕಿಂತ ಕೊನೆಗಿತ್ತು.

ಮಾವ ಆ ಸಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ ತಮ್ಮ ಒಂದು ಕಣ್ಣನ್ನು ಕೈಯಿಂದ ಮುಚ್ಚಿಕೊಂಡು ನೋಡಿದರು. ಇನ್ನೊಂದನ್ನು ಮುಚ್ಚಿಕೊಂಡು ನೋಡಿದರು. ಅವರು ಜೀವಮಾನವೆಲ್ಲ ಬಣ್ಣ ನೋಡಿದವರು. ನೋಡುವ ಕಣ್ಣನ್ನು ನೋಡಿದ್ದು ಅದೇ ಮೊದಲಿರಬೇಕು.

“ಮತ್ತೆ ಬಿಸಿಲಲ್ಲಿ ಹಿಡಿದು ನೋಡ್ದೆ ಅಂದ್ಯಲ್ಲಮ್ಮ” ಎಂದರು. ಕೇಳುವುದಕ್ಕೆ ಹೆದರಿದವರಂತೆ ಕೇಳಿದರು. “ಬಿಸಿಲೂ ಮೋಸ ಮಾಡ್ತಾ?”

“ಬಿಸಿಲು ಸರಿಯಾಗೇ ತೋರಿಸ್ತು ಮಾವ. ಶಾಖಕ್ಕೆ ನನ್ನ ಕಣ್ಣು ನಿಂತುಹೋಯ್ತು. ನಾನು ಎಷ್ಟು ಹೊತ್ತು ನಿಂತ್ಕೊಂಡ್ನೋ ಅಷ್ಟು ಜಾಸ್ತಿ.”

“ಬಿಸಿಲಿಗೆ ಹಿಡಿ, ಬಿಸಿಲಿಗೆ ಹಿಡಿ ಅಂತ ನಾನೇ ಕಳಿಸ್ತಿದ್ದೆ” ಎಂದರು.

ಅಷ್ಟರಲ್ಲಿ ಇಬ್ಬರು ಹೆಂಗಸರು ಮೆಟ್ಟಿಲು ಹತ್ತಿ ಬಂದರು. ಜೀವನ್ ಬಿಮಾ ನಗರದವರು, ತಾಯಿ ಮಗಳು. ಮಗಳ ಮದುವೆ. ಚೀಲದಿಂದ ಸೀರೆ ತೆಗೆದು ಬಿಚ್ಚಿದರು. ಅರಕ್ಕು.

ನಾನು ಮೂರು ತಾನು ಇಳಿಸಿದೆ. ಟ್ಯೂಬ್‌ಲೈಟಿನಲ್ಲಿ ಎರಡು ಒಂದೇ ಥರ ಇದ್ದವು.

“ಹೊರಗೆ ನೋಡೋಣ್ವಾ?” ಎಂದಳು ಹುಡುಗಿ.

ನಾನು ಸ್ಟೂಲಿನಿಂದ ಎದ್ದೆ. ಮಾವ ನನ್ನ ಕೈಯಿಂದ ಸೀರೆಯನ್ನೂ ಎರಡು ತಾನುಗಳನ್ನೂ ತೆಗೆದುಕೊಂಡರು.

“ನೀನು ನೆರಳಲ್ಲೇ ನಿಂತ್ಕೊ” ಎಂದರು.

ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದು ಬೀದಿಯ ನಡುವೆ ಹೋಗಿ ನಿಂತರು. ಏಪ್ರಿಲ್ ಕಳೆದು ಮೇ ಬಂದಿತ್ತು, ಬಿಸಿಲು ಆಗಲೇ ಏರಿತ್ತು. ಸ್ಕೂಟರೊಂದು ಅವರನ್ನು ಬಳಸಿಕೊಂಡು ಹೋಯಿತು. ಅವರು ಸೆರಗನ್ನು ಎರಡೂ ತೋಳುಗಳ ಮೇಲೆ ಹರಡಿ, ಅದರ ಮೇಲೆ ಒಂದೊಂದು ಕೈಗೆ ಒಂದೊಂದು ತಾನಿನ ತುದಿಯನ್ನು ಇಳಿಬಿಟ್ಟು, ಎರಡೂ ಕೈಗಳನ್ನು ನನ್ನ ಕಡೆಗೆ ಎತ್ತಿ ಹಿಡಿದರು.

ನಾನು ಬಾಗಿಲ ನೆರಳಿನಲ್ಲಿ ನಿಂತು ಎಡಗಣ್ಣು ಮುಚ್ಚಿದೆ.

ಬೀದಿಯಲ್ಲಿ ಕೆಂಪು ಹೊತ್ತಿಕೊಂಡಿತು. ಅಷ್ಟು ಕೆಂಪನ್ನು ನಾನು ಮೊದಲು ನೋಡಿರಲಿಲ್ಲ, ಅಥವಾ ನೋಡಿ ಗಮನಿಸಿರಲಿಲ್ಲ. 

“ಏ, ಬೇಗ ಹೇಳಮ್ಮ” ಎಂದು ಮಾವ ಬಿಸಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೂಗಿದರು. “ಕೈ ಸೋಲ್ತಾ ಇದೆ.”

ಉತ್ತರ ನನಗೆ ಆಗಲೇ ಗೊತ್ತಾಗಿತ್ತು. ಇನ್ನೊಂದು ಕ್ಷಣ ನೋಡಿದೆ.

“ಎಡಗೈಯಿಂದು ಮಾವ” ಎಂದೆ. “ಅದೇ.”